ಜಠರದ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕಿನ ಚಿಕಿತ್ಸೆಯಲ್ಲಿ ಆಮ್ಲ ತಗ್ಗಿಸುವ ಔಷಧಗಳು

(ಸಾರ್ವಜನಿಕರ ಮಾಹಿತಿಗಾಗಿ)

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರದ ಒಳಪೊರೆಯಲ್ಲಿ ನೆಲೆಸಿ ಉರಿಯೂತಕ್ಕೂ ಹುಣ್ಣಿಗೂ ಕಾರಣವಾಗುತ್ತದೆ. ದೀರ್ಘಕಾಲ ಉಳಿದಲ್ಲಿ ಜಠರದ ಕ್ಯಾನ್ಸರಿನ ಸಂಭವವನ್ನೂ ಹೆಚ್ಚಿಸುತ್ತದೆ. ಇದನ್ನು ಪತ್ತೆಹಚ್ಚಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಆಮ್ಲ ತಗ್ಗಿಸುವ ಔಷಧದ ಪಾತ್ರ

ಈ ಔಷಧವೊಂದರಿಂದಲೇ ಸೋಂಕು ನಿವಾರಣೆಯಾಗುವುದಿಲ್ಲ. ಹೊಟ್ಟೆಯ ಉರಿ ಶಮನವಾದರೂ ಬ್ಯಾಕ್ಟೀರಿಯಾ ಉಳಿದಿರುತ್ತದೆ. ಜಠರದ ಆಮ್ಲ ತಗ್ಗಿದಾಗ ಅಮಾಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್ ಮೊದಲಾದ ಪ್ರತಿಜೀವಕಗಳು ಹೆಚ್ಚು ಪರಿಣಾಮಕಾರಿಯಾಗುತ್ತವೆ. ಆದುದರಿಂದ ಇವೆರಡನ್ನೂ ಒಟ್ಟಿಗೆ, ಸಾಮಾನ್ಯವಾಗಿ 14 ದಿನಗಳ ಕಾಲ ನೀಡಲಾಗುತ್ತದೆ.

ಔಷಧಗಳ ಹೋಲಿಕೆ

1. ಫ್ಯಾಮೋಟಿಡಿನ್: ಆಮ್ಲವನ್ನು ಭಾಗಶಃ ಮಾತ್ರ ತಗ್ಗಿಸುತ್ತದೆ. ಕೆಲವು ದಿನಗಳ ಸತತ ಸೇವನೆಯ ನಂತರ ಪರಿಣಾಮ ಕುಂದುತ್ತದೆ. ಈ ಸೋಂಕಿಗೆ ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ.

2. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರ್‍ಯಾಬಿಪ್ರಜೋಲ್, ಎಸೊಮೆಪ್ರಜೋಲ್: ಆಮ್ಲ ಸ್ರವಿಸುವ ಪಂಪುಗಳನ್ನೇ ತಡೆಯುತ್ತವೆ. ದಿನಕ್ಕೆ ಎರಡು ಬಾರಿ, ಆಹಾರಕ್ಕೆ ಅರ್ಧ ಗಂಟೆ ಮುಂಚೆ ಸೇವಿಸತಕ್ಕದ್ದು. ಮಾತ್ರೆಯ ಮೇಲಿನ ಮಿಲಿಗ್ರಾಂ ಸಂಖ್ಯೆಯಿಂದ ಇವುಗಳ ಸಾಮರ್ಥ್ಯವನ್ನು ಅಳೆಯಲಾಗದು, 40 ಮಿ.ಗ್ರಾಂ. ಪ್ಯಾಂಟೊಪ್ರಜೋಲ್ 20 ಮಿ.ಗ್ರಾಂ. ಒಮೆಪ್ರಜೋಲ್‌ಗಿಂತ ಪ್ರಬಲವಲ್ಲ. ಕೆಲವರ ದೇಹದಲ್ಲಿ ಒಮೆಪ್ರಜೋಲ್ ಬೇಗನೆ ವಿಘಟನೆಗೊಳ್ಳುತ್ತದೆ. ರ್‍ಯಾಬಿಪ್ರಜೋಲ್‌ನಲ್ಲಿ ಈ ವ್ಯತ್ಯಾಸ ಕಡಿಮೆ.

3. ವೊನೊಪ್ರಜಾನ್: 2014ರಲ್ಲಿ ಜಪಾನಿನಲ್ಲಿ ಅನುಮೋದನೆ ಪಡೆಯಿತು. ಶೀಘ್ರವಾಗಿ ಹಾಗೂ ಹೆಚ್ಚು ಕಾಲ ಆಮ್ಲವನ್ನು ತಗ್ಗಿಸುತ್ತದೆ. ಊಟದ ವೇಳೆಗೆ ಹೊಂದಿಸಿಕೊಳ್ಳಬೇಕಾಗಿಲ್ಲ. 2016ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ಎರಡು ಪ್ರತಿಜೀವಕಗಳೊಂದಿಗೆ 7 ದಿನ ಇದನ್ನು ಪಡೆದವರಲ್ಲಿ ಶೇ. 92.6ರಷ್ಟು ಮಂದಿಗೆ ಸೋಂಕು ನಿವಾರಣೆಯಾಯಿತು. ಲ್ಯಾನ್ಸೊಪ್ರಜೋಲ್ ಪಡೆದವರಲ್ಲಿ ಈ ಪ್ರಮಾಣ ಶೇ. 75.9 ಆಗಿತ್ತು. ಪ್ರತಿಜೀವಕಗಳಿಗೆ ಬ್ಯಾಕ್ಟೀರಿಯಾ ಬಗ್ಗದಿರುವ ಪ್ರಮಾಣವು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರುವುದರಿಂದ, ಇದೇ ಫಲಿತಾಂಶವನ್ನು ಎಲ್ಲೆಡೆ ನಿರೀಕ್ಷಿಸಲಾಗದು.

ರೋಗಿಗಳು ಗಮನಿಸಬೇಕಾದ ಅಂಶಗಳು

1. ನೋವು ನಿಂತಿತೆಂದು ಔಷಧವನ್ನು ಮಧ್ಯದಲ್ಲಿ ನಿಲ್ಲಿಸಕೂಡದು. ಉಳಿದ ಬ್ಯಾಕ್ಟೀರಿಯಾ ಅದೇ ಪ್ರತಿಜೀವಕಕ್ಕೆ ಮತ್ತೆ ಬಗ್ಗದಿರಬಹುದು.

2. ಪೆನಿಸಿಲಿನ್ ಅಲರ್ಜಿ, ಗರ್ಭಾವಸ್ಥೆ ಹಾಗೂ ಸೇವಿಸುತ್ತಿರುವ ಇತರೆ ಔಷಧಗಳ ಬಗ್ಗೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

3. ಬಿಸ್ಮತ್ ಸೇರಿದ ಚಿಕಿತ್ಸೆಯಲ್ಲಿ ಮಲ ಕಪ್ಪಾಗುವುದು ಸಹಜ. ಆದರೆ ರಕ್ತವಾಂತಿಯಾದಲ್ಲಿ, ತಲೆಸುತ್ತಿನೊಂದಿಗೆ ಡಾಂಬರಿನಂತಹ ಅಂಟುಮಲ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ತೆರಳಬೇಕು.

4. ಪ್ರತಿಜೀವಕ ಮುಗಿದು ಕನಿಷ್ಠ 4 ವಾರಗಳ ನಂತರ, ಸೋಂಕು ನಿವಾರಣೆಯಾಗಿದೆಯೇ ಎಂಬುದನ್ನು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಪರೀಕ್ಷೆಗೆ 2 ವಾರ ಮುಂಚೆ, ವೈದ್ಯರನ್ನು ಕೇಳಿ, 2 ಮತ್ತು 3ರಲ್ಲಿ ತಿಳಿಸಿರುವ ಔಷಧಗಳನ್ನು ನಿಲ್ಲಿಸಬೇಕು. ಇಲ್ಲವಾದಲ್ಲಿ, ಸೋಂಕು ಇದ್ದರೂ ಇಲ್ಲವೆಂದು ವರದಿ ಬರುವ ಸಾಧ್ಯತೆಯಿದೆ.

ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಈ ಮಾಹಿತಿಯು ವೈದ್ಯಕೀಯ ಸಲಹೆಗೆ ಪರ್ಯಾಯವಲ್ಲ.