ಕಲಬೆರಕೆ ಅಂತ ಬೈಸಿಕೊಂಡ ಕಲ್ಲು

ನನ್ನ ಆಫೀಸ್ ಮೇಜಿನ ಮೇಲೆ ಸಂಡೂರಿನ ಕಡೆಯಿಂದ ತಂದ ಒಂದು ಅದಿರಿನ ತುಂಡಿದೆ. ಹೆಮಟೈಟ್. ಮುಟ್ಟಿದರೆ ಬೆರಳಿಗೆ ಕೆಂಪು ಹತ್ತುತ್ತೆ. ಕಬ್ಬಿಣದ ಅದಿರು ಅಂದಮೇಲೆ ಅಂಟಬೇಕಲ್ವಾ ಅಂತ ಫ್ರಿಜ್ ಮೇಲಿನ ಅಯಸ್ಕಾಂತ ತಂದು ಹಿಡಿದೆ. ಅಂಟಲಿಲ್ಲ. ಯಾಕೆ ಅಂತ ಹುಡುಕಲು ಹೋದವನಿಗೆ ಇದಕ್ಕಿಂತ ವಿಚಿತ್ರವಾದ ಪ್ರಶ್ನೆ ಎದುರಾಯಿತು. ಈ ಕಲ್ಲಿನಲ್ಲಿ ಚೂರಾದರೂ ಕಾಂತತ್ವ ಯಾಕಿದೆ?

ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಅನ್ನೋ ಗುಣ ಇದೆ. ಅದರಿಂದಾಗಿ ಅದು ತಾನೇ ಒಂದು ಪುಟಾಣಿ ಅಯಸ್ಕಾಂತದ ಹಾಗೆ ವರ್ತಿಸುತ್ತೆ. ಸ್ಪಿನ್‌ಗಳು ಒಂದೇ ದಿಕ್ಕಿಗೆ ಸಾಲಾಗಿ ನಿಂತರೆ ನಮಗೆ ಗೊತ್ತಿರುವ ಅಯಸ್ಕಾಂತ. ಅರ್ಧ ಆ ಕಡೆ, ಅರ್ಧ ಈ ಕಡೆ ಮುಖ ಮಾಡಿ ನಿಂತು ಒಂದನ್ನೊಂದು ಅಳಿಸಿಹಾಕುವ ವಸ್ತುಗಳೂ ಇರಬೇಕು ಅಂತ 1930ರ ದಶಕದಲ್ಲಿ ಫ್ರಾನ್ಸಿನ ಲೂಯಿ ನೇಲ್ ಹೇಳಿದ್ದರು. 1951ರಲ್ಲಿ ಅಮೆರಿಕದ ಕ್ಲಿಫರ್ಡ್ ಶಲ್ ಮತ್ತು ಸಂಗಡಿಗರು ನ್ಯೂಟ್ರಾನ್ ಹಾಯಿಸಿ ನೋಡಿದಾಗ, ಹೆಮಟೈಟ್ ಆ ಜಾತಿಯದೇ ಅಂತ ಖಚಿತವಾಯಿತು. ಲೆಕ್ಕದ ಪ್ರಕಾರ ಮೊತ್ತ ಸೊನ್ನೆ.

ಆದರೆ ಉಪಕರಣಗಳು ಸೊನ್ನೆ ತೋರಿಸುತ್ತಿರಲಿಲ್ಲ. ಮ್ಯಾಗ್ನೆಟೈಟ್‌ಗೆ ಹೋಲಿಸಿದರೆ ನೂರಾರು ಪಟ್ಟು ಕಮ್ಮಿ, ಆದರೂ ಏನೋ ಒಂದು ಕಾಂತತ್ವ ಪಟ್ಟು ಹಿಡಿದು ಕೂತಿತ್ತು. ಇದಕ್ಕೆ ಸುಲಭದ ಉತ್ತರವೂ ಇತ್ತು: ಕಲಬೆರಕೆ. ಹರಳಿನಲ್ಲಿ ಬೇರೇನೋ ಸೇರಿಕೊಂಡಿರಬೇಕು, ಬಿಡಿ.

ಹಾಗಂದವರನ್ನು ನಾನು ನಗೋ ಹಾಗಿಲ್ಲ. ನಮ್ಮ ಟೀಮಿನಲ್ಲಿ ಒಂದು ಟೆಸ್ಟ್ ಆಗಾಗ ಫೇಲ್ ಆಗ್ತಿತ್ತು. "ಸರ್ವರ್ ಸರಿ ಇಲ್ಲ, ಇನ್ನೊಂದ್ಸಲ ರನ್ ಮಾಡಿ" ಅಂತ ಮೂರು ತಿಂಗಳು ತಳ್ಳಿದೆ. ಕೊನೆಗೆ ಹೊಸದಾಗಿ ಸೇರಿದ ಹುಡುಗಿ ಲಾಗ್ ಪೂರ್ತಿ ಓದಿ ತೋರಿಸಿದಳು. ತಪ್ಪು ಸರ್ವರ್‌ನದಲ್ಲ, ನಾನೇ ಮಾಡಿದ ವಿನ್ಯಾಸದ್ದು.

ಹೆಮಟೈಟ್ ಕಥೆಯಲ್ಲಿ ಲಾಗ್ ಓದುವ ಕೆಲಸ ನಡೆದದ್ದು ಮಾಸ್ಕೋದಲ್ಲಿ. 1956ರಲ್ಲಿ ಬೊರೊವಿಕ್-ರೊಮಾನೊವ್ ಮತ್ತು ಓರ್ಲೊವಾ, ಇದೇ ಸ್ವಭಾವದ ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಕಾರ್ಬೊನೇಟ್‌ಗಳನ್ನು ತುಂಬಾ ಶುದ್ಧವಾಗಿ ತಯಾರಿಸಿ ಅಳೆದರು. ಕಲಬೆರಕೆ ತೆಗೆದರೂ ಕಾಂತತ್ವ ಹೋಗಲಿಲ್ಲ.

ಮರುವರ್ಷ 26ರ ಹರೆಯದ ಇಗೊರ್ ಜ್ಯಾಲೊಶಿನ್‌ಸ್ಕಿ ಪ್ರಶ್ನೆಯನ್ನೇ ಬದಲಾಯಿಸಿದರು. ಯಾವ ಬಲ ಇದನ್ನು ಮಾಡುತ್ತಿದೆ ಅಂತ ಮೊದಲು ಕೇಳಲಿಲ್ಲ. ಹರಳಿನ ಸಿಮೆಟ್ರಿ ಯಾವುದಕ್ಕೆ ಅನುಮತಿ ಕೊಡುತ್ತೆ ಅಂತ ಕೇಳಿದರು. ಹೆಮಟೈಟ್ ಪಕ್ಕಕ್ಕೆ ಕ್ರೋಮಿಯಂ ಆಕ್ಸೈಡ್ ಇಟ್ಟು ನೋಡಿದರು. ಪರಮಾಣುಗಳ ಜೋಡಣೆ ಎರಡರಲ್ಲೂ ಒಂದೇ, ಎರಡರಲ್ಲೂ ಸ್ಪಿನ್‌ಗಳು ಅರ್ಧರ್ಧ. ಆದರೆ ಕ್ರೋಮಿಯಂ ಆಕ್ಸೈಡ್‌ನಲ್ಲಿ ಆ ಕ್ಷೀಣ ಕಾಂತತ್ವ ಇಲ್ಲ.

ಹರಳಿನೊಳಗೆ ಒಂದು ನಡುಬಿಂದು ಊಹಿಸಿಕೊಳ್ಳಿ. ಅದರ ಈ ಬದಿಯ ಪ್ರತಿ ಪರಮಾಣುವಿಗೂ ನೇರ ಆ ಬದಿಯಲ್ಲಿ, ಅಷ್ಟೇ ದೂರದಲ್ಲಿ ಒಂದು ಜೊತೆ ಇದೆ. ಕ್ರೋಮಿಯಂ ಆಕ್ಸೈಡ್‌ನಲ್ಲಿ ಈ ಜೊತೆಗಳ ಸ್ಪಿನ್ ಒಂದಕ್ಕೊಂದು ವಿರುದ್ಧ. ಒಂದು ಚೂರು ವಾಲಿದರೆ ಇನ್ನೊಂದು ಅಷ್ಟೇ ಎದುರಿಗೆ ವಾಲಲೇಬೇಕು. ಸೊನ್ನೆ ಅಲ್ಲಿ ಕಡ್ಡಾಯ. ಹೆಮಟೈಟ್‌ನಲ್ಲಿ ಈ ಜೊತೆಗಳ ಸ್ಪಿನ್ ಒಂದೇ ದಿಕ್ಕಿಗಿದೆ. ಹಾಗಾಗಿ ಆ ಕಟ್ಟಳೆ ಇಲ್ಲಿ ನಡೆಯಲ್ಲ.

ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಎರಡೂ ತಂಡದ ಬಲ ಸಮ, ಹಗ್ಗ ಮುಂದೂ ಇಲ್ಲ ಹಿಂದೂ ಇಲ್ಲ. ಆದರೆ ಇಬ್ಬರೂ ಒಂದೇ ಪಕ್ಕಕ್ಕೆ ಒಂಚೂರು ವಾಲಿ ಎಳೆದರೆ? ಹಗ್ಗ ಪಕ್ಕಕ್ಕೆ ಸರಿಯುತ್ತೆ. ಹೆಮಟೈಟ್‌ನ ಸ್ಪಿನ್‌ಗಳು ಮಾಡೋದು ಇದನ್ನೇ. ವಾಲಿಕೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ. ಹಾಗೆ ವಾಲಿಸುವ ಬಲ ಎಲೆಕ್ಟ್ರಾನಿನ ಸ್ಪಿನ್ನಿಗೂ ಅದರ ಚಲನೆಗೂ ಇರುವ ನಂಟಿನಿಂದ ಹುಟ್ಟುತ್ತೆ ಅಂತ 1960ರಲ್ಲಿ ತೋರು ಮೊರಿಯಾ ತೋರಿಸಿಕೊಟ್ಟರು. ಇಬ್ಬರ ಹೆಸರೂ ಸೇರಿ ಅದೀಗ ಜ್ಯಾಲೊಶಿನ್‌ಸ್ಕಿ-ಮೊರಿಯಾ ಇಂಟರಾಕ್ಷನ್.

ನನಗೆ ತುಂಬಾ ಹಿಡಿಸಿದ ಪುರಾವೆ 1950ರಲ್ಲೇ ಎಫ್. ಜೆ. ಮೊರಿನ್ ಗಮನಿಸಿದ್ದು. ಹೆಮಟೈಟನ್ನು ಸುಮಾರು ಮೈನಸ್ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸಿದರೆ ಆ ಕ್ಷೀಣ ಕಾಂತತ್ವ ಹೆಚ್ಚುಕಮ್ಮಿ ಮಾಯ. ಮಲಗಿದ್ದ ಸ್ಪಿನ್‌ಗಳು ಹರಳಿನ ಅಕ್ಷದ ಗುಂಟ ಎದ್ದು ನಿಲ್ಲುತ್ತವೆ. ಆ ಅಕ್ಷದ ಸುತ್ತ ಹರಳು ಮೂರೆಸಳಿನ ರಂಗೋಲಿ ಇದ್ದ ಹಾಗೆ, ಮೂರನೇ ಒಂದು ಸುತ್ತು ತಿರುಗಿಸಿದರೂ ಅದೇ ಚಿತ್ರ. ಮೂರೂ ಪಕ್ಕ ಒಂದೇ ಆದಾಗ ಯಾವ ಪಕ್ಕಕ್ಕೆ ಅಂತ ವಾಲೋದು? ಗಮನಿಸಿ, ಕಲ್ಲು ಅದೇ, ಒಳಗಿನ ಕಲಬೆರಕೆಯೂ ಅಷ್ಟೇ. ಬದಲಾದದ್ದು ಸಿಮೆಟ್ರಿ ಮಾತ್ರ.

ಇವತ್ತು ಇದೇ ವಾಲಿಕೆಯ ಬಲ ಕೆಲವು ವಸ್ತುಗಳಲ್ಲಿ ಸ್ಪಿನ್‌ಗಳನ್ನು ಸುಳಿಯ ಹಾಗೆ ಸುತ್ತಿಸುತ್ತೆ ಅಂತ ಗೊತ್ತಾಗಿದೆ. ಸ್ಕಿರ್ಮಿಯಾನ್ ಅನ್ನುವ ಆ ಸುಳಿಗಳು 2009ರಲ್ಲಿ ಮ್ಯಾಂಗನೀಸ್ ಸಿಲಿಸೈಡ್‌ನಲ್ಲಿ ಕಂಡವು. ಅವುಗಳಲ್ಲಿ ಡೇಟಾ ಬರೆದಿಡಬಹುದಾ ಅಂತ ಸಂಶೋಧನೆ ನಡೀತಿದೆ. ಕಸ ಅಂತ ಗುಡಿಸಿಹಾಕಿದ್ದರೆ ಇದೂ ಕಸದ ಜೊತೆ ಹೋಗ್ತಿತ್ತು.

ಈಗ ಯಾವುದಾದರೂ ಸಂಖ್ಯೆ ಲೆಕ್ಕಕ್ಕೆ ಕೂರದೇ ಹೋದರೆ "ಏನೋ ನಾಯ್ಸ್ ಇರಬೇಕು ಬಿಡಿ" ಅನ್ನೋದು ಬಾಯಿಗೆ ಬರುತ್ತೆ. ಆಗ ಒಮ್ಮೆ ಆ ಕಲ್ಲನ್ನು ಕೈಗೆತ್ತಿಕೊಳ್ಳುತ್ತೇನೆ. ಬೆರಳಿಗೆ ಹತ್ತಿದ ಕೆಂಪು ತೊಳೆದುಕೊಂಡು ಬರುವಷ್ಟರಲ್ಲಿ ಲಾಗ್ ಇನ್ನೊಂದ್ಸಲ ಓದೋಣ ಅನ್ನಿಸಿರುತ್ತೆ.