ತೃಣಮಣಿಯೂ ಅಯಸ್ಕಾಂತವೂ: ಕುದುರೆಮುಖದ ಅದಿರುಶೋಧನೆ

ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವ ಗುಣವು ತೃಣಮಣಿಯೆಂಬ ಹೆಸರಿನಲ್ಲಿಯೇ ಅಡಗಿರುವುದು. ಅಯಸ್ಕಾಂತದ ಕಡೆಗೆ ಸೂಜಿಯು ಚಲಿಸುವುದಕ್ಕೆ ಅದೃಷ್ಟವೇ ಕಾರಣವೆಂದು ಕಣಾದರು ವೈಶೇಷಿಕಸೂತ್ರದಲ್ಲಿ ಹೇಳಿರುವರು. ಇಷ್ಟರಿಂದಲೇ ಪ್ರಾಚೀನರು ಇಂದಿನ ಶೋಧನಯಂತ್ರಗಳನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಗುಣವನ್ನು ಕಾಣುವುದು ಬೇರೆ, ಅದನ್ನು ದುಡಿಸಿಕೊಳ್ಳುವುದು ಬೇರೆ.

ತೃಣಮಣಿಯ ಶಕ್ತಿಯೇ ಕೇರಳದ ಚವರದಲ್ಲಿ ರೂಟೈಲನ್ನು ಜಿರ್ಕಾನಿನಿಂದ ಬೇರ್ಪಡಿಸುವುದು. ಮೊದಲನೆಯದು ವಿದ್ಯುತ್ತನ್ನು ಹರಿಯಗೊಡುವುದು, ಎರಡನೆಯದು ಹರಿಯಗೊಡದು. ಆದರೆ ಈ ವಿಧಾನಕ್ಕೆ ಮರಳು ಚೆನ್ನಾಗಿ ಒಣಗಿರಬೇಕು.

ಕಳಸದ ಸಮೀಪದ ಕುದುರೆಮುಖದಲ್ಲಿಯಾದರೋ ಅಯಸ್ಕಾಂತವೇ ಪ್ರವರ್ತಿಸಿತು. ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು 1913ರಲ್ಲಿ ಗುರುತಿಸಿದ ಆ ಅದಿರು, ಬೆಣಚುಕಲ್ಲಿನೊಡನೆ ಬೆರೆತ ಮ್ಯಾಗ್ನೆಟೈಟು. ಅದರಲ್ಲಿ ಕಬ್ಬಿಣವು ನೂರಕ್ಕೆ ಸುಮಾರು 38 ಪಾಲು ಮಾತ್ರ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಅದನ್ನು ನೀರಿನೊಡನೆ ನುಣ್ಣಗೆ ಅರೆದು, ಅಯಸ್ಕಾಂತದ ಉರುಳೆಗಳಿಂದ ಸೆಳೆದು, ಸುಮಾರು 67 ಪಾಲಿನವರೆಗೆ ಏರಿಸಿ, ಕೊಳವೆಯ ಮೂಲಕ ಮಂಗಳೂರಿಗೆ ಕಳುಹಿಸಿತು.

ಸೆಳೆತಕ್ಕೆ ಒಳಗಾಗದ ಬೆಣಚಿನ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಬೆಟ್ಟದಷ್ಟು ಸೇರಿತು. ಭದ್ರೆಯ ಮೂಲಪ್ರದೇಶದಲ್ಲಿ ನಡೆದ ಈ ಕಾರ್ಯಕ್ಕೆ ಶುದ್ಧಿಯೆಂಬ ಹೆಸರು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಅಂತ್ಯದಲ್ಲಿ ಗಣಿಯು ನಿಂತಿತು. ಹೂಳು ಅಲ್ಲಿಯೇ ಇರುವುದು.