ಗೃಹವಿಮೆಯಲ್ಲಿ ಪರ್ಯಾಯ ವಾಸದ ವೆಚ್ಚ

ವಿಮಾಪತ್ರದಲ್ಲಿ ಅಂಗೀಕೃತವಾದ ಬೆಂಕಿ, ಬಿರುಗಾಳಿ ಮೊದಲಾದ ಆಪತ್ತಿನಿಂದ ಮನೆಯು ವಾಸಕ್ಕೆ ಅಯೋಗ್ಯವಾದಾಗ, ಅದು ಪುನಃ ಸಜ್ಜಾಗುವವರೆಗೆ ಕುಟುಂಬವು ಅನ್ಯತ್ರ ನೆಲಸುವುದರಿಂದ ತಗಲುವ ಅಧಿಕ ವೆಚ್ಚವನ್ನು ವಿಮಾ ಕಂಪನಿಯು ಭರಿಸುವ ಏರ್ಪಾಡು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಗೃಹವಿಮೆಯ ಅಂಗವಾಗಿ ಸುವಿಸ್ತಾರವಾಗಿ ಬೆಳೆದಿದೆ. ಅಲ್ಲಿ ಬಹುಮಟ್ಟಿಗೆ ರೂಢಿಯಲ್ಲಿರುವ ಎಚ್‌ಒ-3 ಮಾದರಿಯ ಪಾಲಿಸಿಯಲ್ಲಿ ಇದನ್ನು 'ಕವರೇಜ್ ಡಿ' ಎನ್ನುವರು.

ಕಂಪನಿಯು ತೆರುವುದು ಸಮಗ್ರ ಖರ್ಚನ್ನಲ್ಲ, ವಾಡಿಕೆಯ ಜೀವನಕ್ರಮವನ್ನು ಉಳಿಸಿಕೊಳ್ಳಲು ಹಿಂದಿನದಕ್ಕಿಂತ ಮಿಗಿಲಾಗಿ ಬೇಕಾದ ಅಂಶವನ್ನಷ್ಟೇ. ತಿಂಗಳಿಗೆ 600 ಡಾಲರಿನಲ್ಲಿ ಊಟೋಪಚಾರ ಸಾಗಿಸುತ್ತಿದ್ದ ಸಂಸಾರವು ಒಲೆಯಿಲ್ಲದ ಹೋಟೆಲಿನ ಕೋಣೆಯಲ್ಲಿ 1,400 ಡಾಲರ್ ವ್ಯಯಿಸಬೇಕಾದರೆ ಅದಕ್ಕೆ ದೊರೆಯತಕ್ಕದ್ದು 800 ಡಾಲರ್. ಮನೆಸಾಲದ ಕಂತು ಯಥಾಪ್ರಕಾರ ಯಜಮಾನನ ತಲೆಯ ಮೇಲೆಯೇ ಇರುವುದರಿಂದ, ತಾತ್ಕಾಲಿಕ ನಿವಾಸದ ಬಾಡಿಗೆಯು ಅಧಿಕ ವೆಚ್ಚವೆಂದೇ ಗಣನೆಗೆ ಬರುತ್ತದೆ. ಹಳೆಯ ಬಾಡಿಗೆ ನಿಂತುಹೋದ ಬಾಡಿಗೆದಾರನಿಗಾದರೋ ಎರಡರ ಅಂತರ ಮಾತ್ರ ಲಭ್ಯ. ರಸೀದಿಗಳನ್ನು ಕಾಪಾಡಿಕೊಳ್ಳದವನು ಈ ಲೆಕ್ಕದಲ್ಲಿ ಸೋಲುವುದೇ ಹೆಚ್ಚು.

ದುರಸ್ತಿಗೆ ಅಗತ್ಯವಾದ ಅತ್ಯಲ್ಪ ಕಾಲವೇ ಇದರ ಅವಧಿ. ಅಷ್ಟರಲ್ಲಿ ಪಾಲಿಸಿಯ ಮುದ್ದತು ಮುಗಿದರೂ ಹಕ್ಕು ನಷ್ಟವಾಗದು. ಆದರೆ ಊರಿಗೆ ಊರೇ ದಗ್ಧವಾದೆಡೆಯಲ್ಲಿ, ಬಡಗಿಗಳೂ ಸಾಮಗ್ರಿಯೂ ಪರವಾನಗಿಯೂ ಏಕಕಾಲಕ್ಕೆ ದುರ್ಲಭವಾಗುವುದರಿಂದ, 'ಅತ್ಯಲ್ಪ ಕಾಲ'ವೂ ವರ್ಷಗಟ್ಟಲೆ ಎಳೆಯುವುದುಂಟು. 2018ರ ನವೆಂಬರ್ 8ರಂದು ಹೊತ್ತಿದ ಕಾಡ್ಗಿಚ್ಚು 18,000ಕ್ಕೂ ಮಿಕ್ಕ ಕಟ್ಟಡಗಳನ್ನು ಆಹುತಿ ತೆಗೆದುಕೊಂಡ ಪ್ಯಾರಡೈಸ್ ಪಟ್ಟಣವೂ ಅದರ ಸುತ್ತಣ ಪ್ರದೇಶವೂ ಇರುವ ಕ್ಯಾಲಿಫೋರ್ನಿಯದಲ್ಲಿ, ಘೋಷಿತ ತುರ್ತುಪರಿಸ್ಥಿತಿಯ ನಷ್ಟಗಳಿಗೆ ಕನಿಷ್ಠ 24 ತಿಂಗಳ ಅವಧಿಯನ್ನೂ, ಪಾಲಿಸಿದಾರನ ಕೈಮೀರಿದ ವಿಳಂಬಕ್ಕೆ ಮತ್ತೆ 12 ತಿಂಗಳವರೆಗಿನ ವಿಸ್ತರಣೆಯನ್ನೂ ಶಾಸನವು ವಿಧಿಸಿದೆ. ಪ್ರವಾಹದಿಂದ ನಿರ್ವಸಿತರಾದವರ ಪಾಡು ಬೇರೆ: ಅಮೆರಿಕದ ರಾಷ್ಟ್ರೀಯ ಪ್ರವಾಹ ವಿಮೆಯು ಗೋಡೆಗೆ ಹಣ ಕೊಡುವುದೇ ಹೊರತು ಹೋಟೆಲಿನ ಬಾಡಿಗೆಗಲ್ಲ. ಇದು ವಿಚಿತ್ರವೆನಿಸಿದರೂ ನಿಜ.

ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಎಂಬ ಪ್ರಮಾಣಿತ ಪಾಲಿಸಿಯು ಪರ್ಯಾಯ ವಸತಿಯ ಬಾಡಿಗೆಯನ್ನೂ, ಮನೆಯನ್ನು ಬಾಡಿಗೆಗೆ ಕೊಟ್ಟವನು ಕಳೆದುಕೊಂಡ ಆದಾಯವನ್ನೂ ಒಳಗೊಳ್ಳುತ್ತದೆ. ನೆರೆಯೂ ಭೂಕುಸಿತವೂ ಅದರ ವ್ಯಾಪ್ತಿಯಲ್ಲಿರುವುದರಿಂದ, 2018ರ ಮಳೆಗಾಲದಲ್ಲಿ ಗುಡ್ಡಗಳು ಜರಿದ ಕೊಡಗಿನಂಥ ಸೀಮೆಯ ಗೃಹಸ್ಥರಿಗೆ ಇದು ವಿಶೇಷ ಪ್ರಯೋಜನಕಾರಿ. ಆದರೂ ಊಟ, ಪ್ರಯಾಣ, ಬಟ್ಟೆ ಒಗೆತಗಳ ಅಧಿಕ ವೆಚ್ಚವನ್ನು ಅದು ಲೆಕ್ಕಕ್ಕೆ ಹಿಡಿಯದು. ಆ ಮಟ್ಟಿಗೆ ಭಾರತೀಯ ಏರ್ಪಾಡು ಅಪೂರ್ಣವೆಂದೇ ಹೇಳಬೇಕು.